ಕಾಣದ ತಪ್ಪಿಗೆ ಯಾರು ಹೊಣೆ?

ನೀತಿಯ ಪ್ರಶ್ನೆ ಎಂದೊಡನೆ ನಮಗೆ ನೆನಪಾಗುವುದು ದೊಡ್ಡ ಸಂಗತಿಗಳು. ಯುದ್ಧ ಎಂದಾದರೂ ನ್ಯಾಯವಾಗಬಲ್ಲುದೇ, ಮರಣದಂಡನೆ ಸರಿಯೇ, ಬಡ್ಡಿಯ ಮೇಲೆ ನಿಂತ ಆರ್ಥಿಕತೆಯ ನಡುವೆ ಪ್ರಾಮಾಣಿಕವಾಗಿ ಬದುಕುವುದು ಹೇಗೆ ಇತ್ಯಾದಿ. ಇವು ಚರ್ಚೆಯಾಗಬೇಕಾದ ಪ್ರಶ್ನೆಗಳೇ. ಆದರೆ ಇಂತಹ ತೀರ್ಮಾನಗಳು ನಮ್ಮಲ್ಲಿ ಬಹುಪಾಲು ಜನರ ಕೈಗೆ ಬರುವುದೇ ಇಲ್ಲ. ನಮ್ಮ ಕೈಗೆ ದಿನವೂ ಬರುವುದು ಸಣ್ಣ ಪ್ರಶ್ನೆಗಳು. ಇಲ್ಲಿ ಅಂತಹ ಒಂದನ್ನು, ತೀರಾ ಸಣ್ಣದೊಂದನ್ನು, ಎತ್ತಿಕೊಳ್ಳೋಣ. ಹೊಸದಾಗಿ ಹೆಣಿಗೆ ಕಲಿಯುತ್ತಿರುವ ಒಬ್ಬರು ನೀಲಿ ಮತ್ತು ಬಿಳಿ ಉಣ್ಣೆಯ ನೂಲಿನಲ್ಲಿ ಕೌಲ್ ಒಂದನ್ನು ಹೆಣೆಯುತ್ತಿದ್ದಾರೆ. ಇಪ್ಪತ್ತನೆಯ ಸುತ್ತಿಗೆ ಬಂದಾಗ, ಕೆಳಗೆ ಹತ್ತನೆಯ ಸುತ್ತಿನಲ್ಲಿ ನೀಲಿ ಬರಬೇಕಾದಲ್ಲಿ ಬಿಳಿ ಬಂದಿರುವುದು ಕಣ್ಣಿಗೆ ಬೀಳುತ್ತದೆ. ತಪ್ಪಿರುವುದು ಒಂದೇ ಒಂದು ಕುಣಿಕೆ. ತೋರಿಸಿಕೊಡದ ಹೊರತು ಬೇರೆ ಯಾರಿಗೂ ಅದು ಕಾಣುವುದಿಲ್ಲ. ಬಿಚ್ಚಬೇಕೇ, ಬಿಡಬೇಕೇ?

ಕೌಲ್ ಎಂದರೆ ತುದಿಗಳಿಲ್ಲದ ಮಫ್ಲರ್. ಬಳೆಯಂತೆ ಒಂದಾಗಿ ಕೂಡಿಕೊಂಡಿರುವ ಉಣ್ಣೆಯ ಪಟ್ಟಿ. ತಲೆಯ ಮೇಲಿಂದ ಇಳಿಸಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಕರಾವಳಿಯ ಸೆಖೆಯಲ್ಲಿ ಕುಳಿತು ಓದುವವರಿಗೆ ಇದೇನು ಮಾತು ಎನಿಸಬಹುದು. ಹಿಮ ಬೀಳುವ ದೇಶಗಳಿಗೆ ಓದಿಗೆ, ಕೆಲಸಕ್ಕೆ ಹೋಗಿರುವ ನಮ್ಮ ಮಕ್ಕಳನ್ನು ಕೇಳಿದರೆ ಅದರ ಬೆಲೆ ಹೇಳುತ್ತಾರೆ. ಎರಡು ಬಣ್ಣದ ಹೆಣಿಗೆಯನ್ನು ಹೊಸಬರಿಗೆ ಕಲಿಸುವಾಗ ಸಾಮಾನ್ಯವಾಗಿ ಕೌಲನ್ನೋ ಟೋಪಿಯನ್ನೋ ಕೊಡುವುದು ರೂಢಿ. ಸ್ವೆಟರಿನಂತೆ ಕೌಲಿಗೆ ತೋಳಿಲ್ಲ, ಕಂಕುಳಿಲ್ಲ, ಕುಣಿಕೆ ಏರಿಸಿ ಇಳಿಸುವ ಲೆಕ್ಕವಿಲ್ಲ. ಬಾಗುವ ತಂತಿಯೊಂದರ ಎರಡು ತುದಿಗೆ ಎರಡು ಕಡ್ಡಿ. ಅದರ ಮೇಲೆ ನೂರು ನೂರಿಪ್ಪತ್ತು ಕುಣಿಕೆ ಎತ್ತಿಕೊಂಡು, ಕೊನೆಯದನ್ನು ಮೊದಲನೆಯದಕ್ಕೆ ಕೂಡಿಸಿ ಸುತ್ತುತ್ತಾ ಹೋದರಾಯಿತು. ಕೂಡಿಸುವ ಹೊತ್ತಿಗೆ ಮಾತ್ರ ಆ ಸಾಲು ತಂತಿಯ ಮೇಲೆ ತಿರುಚಿಕೊಂಡಿರಬಾರದು. ತಿರುಚಿಕೊಂಡಿದ್ದರೆ ಇಡೀ ಪಟ್ಟಿಯೇ ತಿರುಚಿಕೊಂಡು ಬೆಳೆಯುತ್ತದೆ. ಅದಕ್ಕೆ ಪೂರ್ತಿ ಬಿಚ್ಚದೆ ಬೇರೆ ಮದ್ದಿಲ್ಲವೆಂದೇ ಹೇಳಬೇಕು.

ನಕ್ಷೆ ಚೌಕುಳಿ ಹಾಳೆಯ ಮೇಲಿರುತ್ತದೆ. ಒಂದು ಚೌಕಕ್ಕೆ ಒಂದು ಕುಣಿಕೆ. ಒಂದು ಸುತ್ತಿನಲ್ಲಿ ಎರಡೇ ಬಣ್ಣ. ನೀಲಿಯನ್ನು ಹೆಣೆಯುವಾಗ ಬಿಳಿಯ ಎಳೆ ಹಿಂದುಗಡೆ ಸುಮ್ಮನೆ ಹಾಯ್ದು ಹೋಗುತ್ತದೆ. ಬಿಳಿಯ ಸರದಿ ಬಂದಾಗ ನೀಲಿ ಹಿಂದೆ ಸರಿಯುತ್ತದೆ. ಹೀಗಾಗಿ ಹೊರಮೈಯಲ್ಲಿ ಹೂವೋ ನಕ್ಷತ್ರವೋ ಮೂಡುತ್ತಿದ್ದಂತೆ ಒಳಮೈಯಲ್ಲಿ ಅಡ್ಡಡ್ಡ ಎಳೆಗಳ ಸಾಲು ಬೆಳೆಯುತ್ತದೆ. ಹೊಸಬರ ಕಷ್ಟವೆಲ್ಲ ಈ ಹಿಂದಿನ ಎಳೆಗಳದ್ದೇ. ತಪ್ಪಾಗಬಾರದೆಂಬ ಆತಂಕದಲ್ಲಿ ಅವರು ಅದನ್ನು ಬಿಗಿಯಾಗಿ ಎಳೆಯುತ್ತಾರೆ. ಆಗ ಮುಂದಿನ ಹೂವು ಮುದುಡಿ ಸುಕ್ಕುಗಟ್ಟುತ್ತದೆ, ಕೌಲು ತಲೆಯಿಂದ ಇಳಿಯದಷ್ಟು ಕಿರಿದಾಗುತ್ತದೆ. ತೀರಾ ಸಡಿಲ ಬಿಟ್ಟರೆ ಕುಣಿಕೆಗಳು ಜೋಲುತ್ತವೆ. ಹಾಕಿಕೊಳ್ಳುವಾಗ ಬೆರಳಿನ ಉಂಗುರ, ಕಿವಿಯ ಓಲೆ ಒಳಗಿನ ಎಳೆಗೆ ಸಿಕ್ಕಿಕೊಳ್ಳುತ್ತದೆ. ಐದಾರು ಕುಣಿಕೆಗಿಂತ ಉದ್ದಕ್ಕೆ ಹಾಯಬೇಕಾದ ಎಳೆಯನ್ನು ನಡುವೆ ಒಮ್ಮೆ ಸಿಕ್ಕಿಸಿಕೊಂಡು ಹೋಗಬೇಕು. ಹೊರಮೈ ಚೆನ್ನಾಗಿರುವುದು ಒಳಮೈ ಚೆನ್ನಾಗಿದ್ದಾಗ ಮಾತ್ರ. ಇದು ಉಪಮೆಯಲ್ಲ, ಹೆಣಿಗೆಯ ಲೆಕ್ಕ.

ಇನ್ನು ನಮ್ಮ ಬಿಳಿ ಕುಣಿಕೆ. ಹತ್ತು ಸುತ್ತನ್ನು ಬಿಚ್ಚಿ ಮತ್ತೆ ಹೆಣೆಯಬಹುದು. ನೂರಿಪ್ಪತ್ತು ಕುಣಿಕೆಯ ಕೌಲಿನಲ್ಲಿ ಅದು ಸಾವಿರದ ಇನ್ನೂರು ಕುಣಿಕೆ, ಹೊಸಬರಿಗೆ ಎರಡು ಮೂರು ಸಂಜೆಯ ದುಡಿಮೆ. ಕೈ ಪಳಗಿದವರು ಆ ಒಂದು ಕಂಬವನ್ನಷ್ಟೇ ಕೆಳಗಿನವರೆಗೆ ಜಾರಿಸಿ, ಬಣ್ಣ ಸರಿಪಡಿಸಿ, ಕೊಕ್ಕೆಯಿಂದ ಮೇಲಕ್ಕೆತ್ತುತ್ತಾರೆ. ಹೊಸಬರು ಹಾಗೆ ಮಾಡಲು ಹೋದರೆ ಒಂದು ತಪ್ಪು ನಾಲ್ಕಾಗುವುದೇ ಹೆಚ್ಚು. ಅದಕ್ಕಿಂತ ಸುಲಭವಾದದ್ದು, ಕೆಲಸ ಮುಗಿದ ಮೇಲೆ ದಬ್ಬಣದಲ್ಲಿ ನೀಲಿ ನೂಲು ಪೋಣಿಸಿ, ಬಿಳಿ ಕುಣಿಕೆಯ ಜಾಡಿನಲ್ಲೇ ಅದರ ಮೇಲೆ ಹೊಲಿದು ಮುಚ್ಚಿಬಿಡುವುದು. ಅಚ್ಚುಕಟ್ಟಾಗಿ ಮಾಡಿದರೆ ಪತ್ತೆಯೇ ಆಗದು. ಅದೂ ಬೇಡವೆಂದರೆ ಹಾಗೇ ಬಿಟ್ಟು ಮುಂದೆ ಸಾಗಬಹುದು. ಬಿಚ್ಚಿ ಕಟ್ಟುವುದು, ಮೇಲೆ ಮುಚ್ಚುವುದು, ಇದ್ದ ಹಾಗೆ ಬಿಡುವುದು. ಮನುಷ್ಯ ತನ್ನ ಯಾವ ತಪ್ಪಿನ ಮುಂದೆ ನಿಂತರೂ ಹೆಚ್ಚು ಕಡಿಮೆ ಇವೇ ದಾರಿಗಳು ಇರುತ್ತವಲ್ಲವೇ?

ಉಣ್ಣೆಯ ವಿಷಯಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೆಲವರು ಕೇಳಬಹುದು. ಇನ್ನು ಕೆಲವರು, ಜನರಿಗೆ ಕಾಣದಿದ್ದರೇನು, ದೇವನಿಗೆ ಕಾಣುತ್ತದೆ, ಆದ್ದರಿಂದ ಬಿಚ್ಚಲೇಬೇಕು ಎನ್ನಬಹುದು. ನಮ್ಮ ಅಭಿಪ್ರಾಯದಲ್ಲಿ ಈ ಎರಡು ಉತ್ತರಗಳೂ ಅವಸರದವು. ಅವುಗಳನ್ನು ಒರೆಗೆ ಹಚ್ಚುವ ಮೊದಲು ಈ ಕೆಲಸ ಯಾರ ಕೈಗಳನ್ನು ಹಾದು ಬಂದಿದೆ ಎಂಬುದನ್ನು ಸ್ವಲ್ಪ ನೋಡುವುದು ಒಳ್ಳೆಯದು.

ನಿಜವಾದ ಹೆಣಿಗೆಯ ಅತಿ ಹಳೆಯ ಮಾದರಿಗಳೆಂದು ಗುರುತಿಸಲಾಗಿರುವವು ಈಜಿಪ್ಟಿನಲ್ಲಿ ಸಿಕ್ಕಿದ ಹತ್ತಿಯ ಕಾಲುಚೀಲಗಳು ಮತ್ತು ಅವುಗಳ ತುಂಡುಗಳು. ಅದಕ್ಕಿಂತಲೂ ಹಳೆಯ ಕಾಲುಚೀಲಗಳು ಅದೇ ನೆಲದಲ್ಲಿ ಸಿಕ್ಕಿವೆ. ಆದರೆ ಅವು ಒಂದೇ ಸೂಜಿಯಿಂದ ಗಂಟುಗಂಟಾಗಿ ಮಾಡಿದವು, ವಿಧಾನವೇ ಬೇರೆ. ಹೆಣಿಗೆಯವು ಸುಮಾರು 11ರಿಂದ 14ನೇ ಶತಮಾನದ ನಡುವಿನವು, ಅಂದರೆ ಮುಸ್ಲಿಮ್ ಆಳ್ವಿಕೆಯ ಕಾಲದವು. ಬಣ್ಣ ನೀಲಿ ಮತ್ತು ಬಿಳಿ. ಸುತ್ತುಸುತ್ತಾಗಿ ಎರಡು ಬಣ್ಣದಲ್ಲಿ ಹೆಣೆದವು. ಕೆಲವದರಲ್ಲಿ ಕೂಫಿ ಲಿಪಿಯನ್ನು ಹೋಲುವ ಪಟ್ಟಿಗಳಿವೆ. ಇಂದು ಹೊಸಬರು ಕೌಲಿಗೆ ನೀಲಿ ಬಿಳಿಯನ್ನು ಆರಿಸಿಕೊಂಡರೆ ಅವರಿಗೆ ತಿಳಿಯದೆಯೇ ಆ ಸಾಲಿಗೆ ಸೇರುತ್ತಾರೆ.

ಯುರೋಪಿನಲ್ಲಿ ಉಳಿದಿರುವ ಹಳೆಯ ಹೆಣಿಗೆಯಲ್ಲಿ ಹೆಸರಾಂತದ್ದು ಸ್ಪೇನಿನ ಬುರ್ಗೋಸ್ ಪಟ್ಟಣದ ಲಾಸ್ ಉಯೆಲ್ಗಾಸ್ ಸನ್ಯಾಸಿನಿಯರ ಮಠದ್ದು. ಅಲ್ಲಿ ಕಾಸ್ಟೀಲ್‌ನ ರಾಜಮನೆತನದ ಗೋರಿಗಳಿವೆ. 1940ರ ದಶಕದಲ್ಲಿ ಅವುಗಳನ್ನು ತೆರೆದು ಪರಿಶೀಲಿಸಿದಾಗ, ದೊರೆ ಹತ್ತನೆಯ ಅಲ್ಫೋನ್ಸೋನ ಹಿರಿಯ ಮಗ ಫೆರ್ನಾಂದೋ ದೆ ಲಾ ಸೆರ್ದಾನ ಗೋರಿಯಲ್ಲಿ ರೇಷ್ಮೆಯ ದಿಂಬು ಸಿಕ್ಕಿತು. ಒಂದು ಅಂಗುಲಕ್ಕೆ ಸುಮಾರು 20 ಕುಣಿಕೆ. ಹೊಸಬರ ಕೌಲಿನಲ್ಲಿ ಅಂಗುಲಕ್ಕೆ ಐದಾರು ಬಂದರೆ ಹೆಚ್ಚು. ದಿಂಬಿನ ಅಂಚಿನಲ್ಲಿ ಕೂಫಿ ಅಕ್ಷರಗಳಲ್ಲಿ 'ಬರಕಃ' ಎಂಬ ಪದ ಸಾಲಾಗಿ ಬಂದಿದೆ. ಹೊಸ ಅಂಗಡಿ ತೆರೆದಾಗ, ಅಕ್ಕಿಯ ಡಬ್ಬಕ್ಕೆ ಕೈ ಹಾಕುವಾಗ ನಮ್ಮ ತಾಯಂದಿರು ಹೇಳುವ ಅದೇ 'ಬರ್ಕತ್'. ಅದು ಮುಸ್ಲಿಮ್ ಕುಶಲಕರ್ಮಿಗಳ ಕೆಲಸವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ರಾಜಕುಮಾರನ ಅಜ್ಜ 1236ರಲ್ಲಿ ಕುರ್ತುಬಾವನ್ನೂ 1248ರಲ್ಲಿ ಇಶ್ಬೀಲಿಯಾವನ್ನೂ ಮುಸ್ಲಿಮರಿಂದ ಗೆದ್ದುಕೊಂಡವನು. ರಾಜಕುಮಾರ ತಾನೂ 1275ರಲ್ಲಿ, ಮೊರಾಕ್ಕೋದಿಂದ ದಾಟಿ ಬಂದಿದ್ದ ಮರೀನಿ ಸೇನೆಯನ್ನು ಎದುರಿಸಲು ಹೊರಟಿದ್ದಾಗ ದಾರಿಯಲ್ಲಿ ತೀರಿಕೊಂಡ. ಅವನ ದಿಂಬಿಗೆ ಒಬ್ಬ ಮುಸ್ಲಿಮ್ ಕೆಲಸಗಾರ ಅಂಗುಲಕ್ಕೆ 20 ಕುಣಿಕೆಯಂತೆ ರೇಷ್ಮೆಯನ್ನು ಹೆಣೆದು, ಬರ್ಕತ್ತನ್ನೂ ಹೆಣೆದ. ಇದನ್ನು ಸೋತವರ ದಾಸ್ಯ ಎಂದು ಕರೆಯುವುದು ಸುಲಭ. ಸೌಹಾರ್ದದ ಸುಂದರ ಚಿತ್ರ ಎಂದು ಭಾಷಣ ಮಾಡುವುದು ಇನ್ನೂ ಸುಲಭ. ಆ ಕೆಲಸಗಾರನ ಮನಸ್ಸಿನಲ್ಲಿ ಏನಿತ್ತು ಎಂಬುದು ಆ ದಿಂಬಿನಿಂದ ತಿಳಿಯುವಂತಿಲ್ಲ. ತಿಳಿಯುವುದು ಇಷ್ಟೇ: ಕೊಳ್ಳುವವನು ಯಾರೆಂಬುದನ್ನು ಅವನ ಕೈ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಷ್ಟವಿಲ್ಲದ ಗಿರಾಕಿಗೆ ಸಡಿಲವಾಗಿ ಹೆಣೆಯುವುದು ಅವನಿಗೆ ಕಷ್ಟವಾಗುತ್ತಿರಲಿಲ್ಲ.

ಎರಡು ಬಣ್ಣದ ಹೆಣಿಗೆಯ ಹೆಸರು ಇಂದು ಅಂಟಿಕೊಂಡಿರುವುದು ಮಾತ್ರ ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಗಳ ನಡುವೆ ಇರುವ ಫೇರ್ ಐಲ್ ಎಂಬ ಪುಟ್ಟ ದ್ವೀಪಕ್ಕೆ. ಆ ದ್ವೀಪಕ್ಕೂ ಒಂದು ಕಥೆಯಿದೆ. 1588ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ ಸ್ಪೇನಿನ ನೌಕಾಪಡೆಯ 'ಎಲ್ ಗ್ರಾನ್ ಗ್ರಿಫೋನ್' ಹಡಗು ಅಲ್ಲಿ ಒಡೆಯಿತು. ದಡ ಸೇರಿದ ನಾವಿಕರಿಂದ ದ್ವೀಪದ ಹೆಂಗಸರು ಈ ನಕ್ಷೆಗಳನ್ನು ಕಲಿತರು ಎನ್ನುತ್ತಾರೆ. ಹಡಗು ಒಡೆದದ್ದು ನಿಜ. ನಕ್ಷೆ ಕಲಿತದ್ದಕ್ಕೆ ಆಧಾರವಿಲ್ಲ. ನಮಗಂತೂ ಈ ಕಥೆ ಬಹಳ ಇಷ್ಟವಾಗಬೇಕು. ಸ್ಪೇನಿನ ನಾವಿಕರಿಂದ ಹಿಂದಕ್ಕೆ ಹೋದರೆ ಅಂದಲೂಸ್‌ನ ಮುಸ್ಲಿಮರು, ಅಲ್ಲಿಂದ ಈಜಿಪ್ಟು, ಹೀಗೆ ಇಡೀ ಶೆಟ್ಲೆಂಡಿನ ಹೆಣಿಗೆಯನ್ನೇ ನಮ್ಮ ಹಿರಿಯರ ಖಾತೆಗೆ ಬರೆದುಕೊಳ್ಳಬಹುದು. ಗತವೈಭವದ ಹಸಿವು ಹೀಗೆಯೇ ಕೆಲಸ ಮಾಡುತ್ತದೆ. ಬುರ್ಗೋಸ್‌ನ ದಿಂಬು ನಮ್ಮ ಕಣ್ಣ ಮುಂದಿರುವಾಗ ಆಧಾರವಿಲ್ಲದ ಕಥೆಯ ಹಂಗೇಕೆ?

ಕೈಕಸುಬಿನ ಸುತ್ತ ಹುಟ್ಟುವ ಕಥೆಗಳಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಇನ್ನೊಂದಿದೆ. ಪರ್ಶಿಯಾದ ರತ್ನಗಂಬಳಿ ನೇಯುವ ಮುಸ್ಲಿಮರು ಪ್ರತಿ ಕಂಬಳಿಯಲ್ಲೂ ಬೇಕೆಂದೇ ಒಂದು ತಪ್ಪನ್ನು ಬಿಡುತ್ತಾರೆ, ಏಕೆಂದರೆ ಪರಿಪೂರ್ಣತೆ ದೇವನಿಗೆ ಮಾತ್ರ ಸಲ್ಲುವುದು ಎಂಬ ಕಥೆ. ಕಂಬಳಿ ಮಾರುವವರ ಬಾಯಲ್ಲಿ ಇದು ಬಹಳ ಚೆನ್ನಾಗಿ ಹೊರಡುತ್ತದೆ. ಅಮೆರಿಕದ ಆಮಿಷ್ ಕ್ರೈಸ್ತರ ಕೌದಿಗಳ ಬಗ್ಗೆಯೂ ಇಂತಹದೇ ಮಾತಿದೆ. ಕೌದಿಯ ಇತಿಹಾಸ ಬರೆದವರು ಅದನ್ನು ದಂತಕಥೆ ಎಂದು ತಳ್ಳಿಹಾಕಿದ್ದಾರೆ. ಹೆಣಿಗೆ ಕಲಿಯುವ ಹೊಸಬರನ್ನು ಸಮಾಧಾನ ಮಾಡಲು ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. 'ಬಿಡಿ, ತಪ್ಪಿರಲಿ, ಪರಿಪೂರ್ಣ ದೇವನೊಬ್ಬನೇ' ಎಂದು.

ಉದ್ದೇಶ ಒಳ್ಳೆಯದೇ. ಆದರೆ ಸ್ವಲ್ಪ ಯೋಚಿಸಿದರೆ ಈ ಕಥೆಯ ವಿನಯ ಬಹಳ ವಿಚಿತ್ರವಾದದ್ದು. ಬೇಕೆಂದೇ ಒಂದು ತಪ್ಪು ಮಾಡಬೇಕಾದವನು, ಹಾಗೆ ಮಾಡದಿದ್ದರೆ ತನ್ನ ಕೆಲಸ ಪರಿಪೂರ್ಣವಾಗಿಬಿಡುತ್ತಿತ್ತು ಎಂದು ನಂಬಿರಬೇಕು. ದೇವನಿಗೆ ಸಾಟಿಯಾಗದಿರಲು ತಾನೇ ಉದಾರವಾಗಿ ಒಂದು ಗಂಟನ್ನು ಬಿಟ್ಟುಕೊಟ್ಟೆ ಎನ್ನುವುದಕ್ಕಿಂತ ದೊಡ್ಡ ಅಹಂಕಾರ ಯಾವುದಿದೆ? ಕಡ್ಡಿ ಹಿಡಿದು ಒಂದು ವಾರ ಕೂತವರು ಯಾರೂ ಈ ಕಥೆಯನ್ನು ಹುಟ್ಟಿಸಿರಲಾರರು ಎಂಬ ಗುಮಾನಿ ನಮ್ಮದು. ತಪ್ಪನ್ನು ಆಹ್ವಾನಿಸಬೇಕಾದ ಅಗತ್ಯ ಅವರಿಗೆ ಬೀಳುವುದಿಲ್ಲ.

ಕೌಲಿನಲ್ಲೇ ಇದಕ್ಕೊಂದು ಸಾಕ್ಷಿಯಿದೆ. ಸುತ್ತಿ ಹೆಣೆಯುವಾಗ ನಾವು ಅದನ್ನು ಒಂದರ ಮೇಲೊಂದು ಕುಳಿತ ಬಳೆಗಳೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಚಕ್ಕುಲಿಯಂತೆ ಮೇಲೇರುವ ಒಂದೇ ಸುರುಳಿ. ಆದ್ದರಿಂದ ಒಂದು ಸುತ್ತಿನ ಕೊನೆಯ ಕುಣಿಕೆ ಅದೇ ಸುತ್ತಿನ ಮೊದಲ ಕುಣಿಕೆಯ ಪಕ್ಕಕ್ಕೆ ಬರುವುದಿಲ್ಲ. ಒಂದು ಮೆಟ್ಟಿಲು ಮೇಲೆ ಕೂರುತ್ತದೆ. ನಕ್ಷೆ ಕೂಡುವ ಆ ಜಾಗದಲ್ಲಿ ಸಣ್ಣದೊಂದು ಏರುಪೇರು ಇದ್ದೇ ಇರುತ್ತದೆ. ಹೊಸಬರು ಅದನ್ನು ತಮ್ಮ ತಪ್ಪೆಂದು ತಿಳಿದು ಬಿಚ್ಚಿ ಬಿಚ್ಚಿ ಹೆಣೆಯುತ್ತಾರೆ. ಐವತ್ತು ವರ್ಷ ಹೆಣೆದವರ ಕೈಯಲ್ಲೂ ಅದು ಬರುತ್ತದೆ. ಅವರು ಅದನ್ನು ಕತ್ತಿನ ಹಿಂಬದಿಗೆ ಬರುವಂತೆ ಹಾಕಿಕೊಳ್ಳುತ್ತಾರೆ, ಅಷ್ಟೇ. ವಿನಯವನ್ನು ಹೊರಗಿನಿಂದ ತಂದು ಸೇರಿಸುವುದು ಬೇಕಿಲ್ಲ. ಮಾಡುವ ಕೆಲಸದ ಸ್ವಭಾವದಲ್ಲೇ ಅದಕ್ಕೆ ಬೇಕಾದಷ್ಟು ಕಾರಣಗಳಿವೆ.

ಹಾಗಾದರೆ ಎರಡನೆಯ ಉತ್ತರ? ದೇವನಿಗೆ ಕಾಣುತ್ತದೆ, ಆದ್ದರಿಂದ ಬಿಚ್ಚಿ ಎಂಬುದು? ದೇವನು ನಮಗೆ ಕಾಣದಿದ್ದರೂ ನಾವು ಅವನಿಗೆ ಕಾಣುತ್ತಿದ್ದೇವೆ ಎಂಬ ಅರಿವಿನಿಂದ ಬದುಕುವುದನ್ನು ಪ್ರವಾದಿ(ಸ)ಯವರು 'ಇಹ್ಸಾನ್' ಎಂದು ಕರೆದರು. ಪ್ರತಿಯೊಂದು ಕೆಲಸದಲ್ಲೂ ಇಹ್ಸಾನ್ ಇರಬೇಕೆಂಬುದು ದೇವನ ವಿಧಿ ಎಂಬ ಆಶಯದ ಪ್ರವಾದಿ ವಚನ ಸಹೀಹ್ ಮುಸ್ಲಿಮ್‌ನಲ್ಲಿದೆ. ಇದನ್ನು ನಾವು ಸಾಮಾನ್ಯವಾಗಿ 'ಕೆಲಸ ಅಂದವಾಗಿರಲಿ' ಎಂಬ ಅರ್ಥದಲ್ಲಿ ಬಳಸುತ್ತೇವೆ. ಆದರೆ ಆ ವಚನದಲ್ಲಿ ಕೊಟ್ಟಿರುವ ಉದಾಹರಣೆ ಯಾವುದು ಎಂಬುದನ್ನು ಗಮನಿಸುವವರು ಕಡಿಮೆ. ಅದು ಸುಂದರ ಕಟ್ಟಡದ್ದಲ್ಲ, ಕಲೆಯದ್ದಲ್ಲ. ಪ್ರಾಣಿಯನ್ನು ದಿಬ್ಹ ಮಾಡುವಾಗ ಕತ್ತಿಯನ್ನು ಚೆನ್ನಾಗಿ ಮಸೆದುಕೊಳ್ಳಬೇಕು, ಅದಕ್ಕೆ ನೋವು ಕೊಡಬಾರದು ಎಂಬ ಉದಾಹರಣೆ. ಅಂದರೆ ಕೆಲಸದ ಅಚ್ಚುಕಟ್ಟುತನದ ಅಳತೆಗೋಲು ಅಲ್ಲಿ ಕೆಲಸಗಾರನ ಹೆಮ್ಮೆಯಲ್ಲ. ಆ ಕೆಲಸ ಯಾವ ಜೀವದ ಮೇಲೆ ಬೀಳುತ್ತದೆಯೋ ಆ ಜೀವದ ನೋವು. ಮೊಂಡು ಕತ್ತಿಯ ತಪ್ಪನ್ನು ಅನುಭವಿಸುವುದು ಕತ್ತಿ ಹಿಡಿದವನಲ್ಲ.

ಈ ಅಳತೆಗೋಲನ್ನು ಹಿಡಿದು ಕೌಲಿಗೆ ಬಂದರೆ ತಪ್ಪುಗಳು ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಬಿಳಿ ಬಂದ ಕುಣಿಕೆ ಯಾರಿಗೂ ಏನೂ ಮಾಡುವುದಿಲ್ಲ. ಕಡ್ಡಿಯಿಂದ ಜಾರಿ ಯಾವುದಕ್ಕೂ ಸಿಕ್ಕಿಕೊಳ್ಳದೆ ನಿಂತ ಕುಣಿಕೆ ಹೊರಗಿನಿಂದ ಇನ್ನೂ ಸಣ್ಣ ತಪ್ಪಾಗಿ ಕಾಣಬಹುದು. ಆದರೆ ಬಳಸುತ್ತಾ ಬಳಸುತ್ತಾ ಅದು ಕೆಳಕ್ಕೆ ಬಿಚ್ಚಿಕೊಳ್ಳಬಹುದು. ಒಳಮೈಯಲ್ಲಿ ಸಿಕ್ಕಿಸದೆ ಬಿಟ್ಟ ಉದ್ದನೆಯ ಎಳೆ ಸಂಪೂರ್ಣ ಅದೃಶ್ಯ. ಅದೇ ಒಂದು ದಿನ ಹಾಕಿಕೊಂಡವರ ಓಲೆಯನ್ನು ಎಳೆಯುತ್ತದೆ. ಕಣ್ಣಿಗೆ ಕುಕ್ಕುವ ತಪ್ಪು ನಿರಪಾಯ, ಕಾಣದ ತಪ್ಪು ಅಪಾಯ. 'ಕಾಣುತ್ತದೆಯೇ' ಎಂದು ಕೇಳಿದಾಗ ಈ ವ್ಯತ್ಯಾಸ ನಮಗೆ ತಿಳಿಯುವುದೇ ಇಲ್ಲ. 'ಯಾರ ಮೇಲೆ ಬೀಳುತ್ತದೆ' ಎಂದು ಕೇಳಬೇಕು.

ಬಿಚ್ಚುವುದರ ಬಗ್ಗೆಯೂ ಒಂದು ಮಾತು. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ, ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಚಿಂದಿ ಮಾಡಿದ ಹೆಂಗಸಿನಂತೆ ಆಗಬೇಡಿರೆಂಬ ಎಚ್ಚರಿಕೆಯಿದೆ. ಮಕ್ಕಾದಲ್ಲಿ ಹಾಗೆ ಮಾಡುತ್ತಿದ್ದ ಒಬ್ಬಾಕೆ ಇದ್ದಳೆಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಅಲ್ಲಿ ವಿಷಯ ನೂಲಿನದ್ದಲ್ಲ, ಕೊಟ್ಟ ಮಾತನ್ನು ಮುರಿಯುವುದರದ್ದು. ಹೆಣಿಗೆಯವರು ಬಿಚ್ಚುವುದು ಅದಕ್ಕೆ ಪೂರ್ತಿ ವಿರುದ್ಧವಾದ ಉದ್ದೇಶಕ್ಕೆ, ಕಟ್ಟುವುದಕ್ಕಾಗಿ ಬಿಚ್ಚುತ್ತಾರೆ. ತೌಬಾದ ಲಕ್ಷಣವೂ ಇದೇ: ತಪ್ಪಿನವರೆಗೆ ಹಿಂದಿರುಗಿ ಹೋಗುವುದು, ಅಲ್ಲಿಂದ ಮತ್ತೆ ಹೊರಡುವುದು. ಅನುಭವಿಗಳು ಹೊಸಬರಿಗೆ ಒಂದು ಉಪಾಯ ಹೇಳಿಕೊಡುತ್ತಾರೆ. ಹತ್ತು ಸುತ್ತಿಗೊಮ್ಮೆ ಆ ಸುತ್ತಿನ ಎಲ್ಲ ಕುಣಿಕೆಗಳೊಳಗೆ ಬೇರೆ ಬಣ್ಣದ ನೂಲೊಂದನ್ನು ಪೋಣಿಸಿ ಬಿಡಬೇಕು. ಬಿಚ್ಚಬೇಕಾಗಿ ಬಂದರೆ ಅಲ್ಲಿಗೆ ಬಂದು ನಿಲ್ಲುತ್ತದೆ, ಬುಡದವರೆಗೆ ಹೋಗುವುದಿಲ್ಲ.

ಆದರೆ ಬಿಚ್ಚುವುದಕ್ಕೂ ಒಂದು ಮಿತಿ ಬೇಕು. ಒಂದೇ ನೂಲನ್ನು ನಾಲ್ಕಾರು ಸಲ ಬಿಚ್ಚಿ ಹೆಣೆದರೆ ಅದರ ಹುರಿ ಸಡಿಲವಾಗಿ, ಮೈಯೆಲ್ಲ ಜುಂಜಾಗಿ, ಬಣ್ಣಗಳ ಅಂಚು ಮಸುಕಾಗುತ್ತದೆ. ಆಗ ಕುರ್‌ಆನಿನ ಆ ಹೆಂಗಸಿನ ನೆನಪು ಅಪ್ರಸ್ತುತವಲ್ಲ. ವುಝೂ ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ತೊಳೆದುಕೊಳ್ಳುವವರನ್ನು ನಾವೆಲ್ಲ ನೋಡಿದ್ದೇವೆ. ವಿದ್ವಾಂಸರು ಅದನ್ನು ಭಕ್ತಿ ಎಂದು ಒಪ್ಪಲಿಲ್ಲ, 'ವಸ್ವಾಸ್' ಎಂದರು. ಯಾರ ಮೇಲೂ ಬೀಳದ ಒಂದು ಬಿಳಿ ಕುಣಿಕೆಗಾಗಿ ಮೂರು ಸಂಜೆಗಳನ್ನು ಬಿಚ್ಚುವುದು ಹೆಚ್ಚಿನ ಸಲ ಅದೇ ಜಾತಿಗೆ ಸೇರಿದ್ದು. ಆ ಸಂಜೆಗಳೂ ಯಾರದ್ದೋ ಮೇಲೆ ಬೀಳುತ್ತವೆ. ಹೆಣೆಯುತ್ತಿರುವಾಕೆಗೆ ಬೇರೆ ಕೆಲಸವಿಲ್ಲವೆಂದು ತಿಳಿದಿರುವ ಮನೆಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ.

ಉಳಿದದ್ದು ಮುಚ್ಚುವ ದಾರಿ. ಇದರ ಮೇಲೆ ನಮ್ಮ ಪರಂಪರೆಯಲ್ಲಿ ಅಚ್ಚರಿಯಾಗುವಷ್ಟು ನೇರವಾದ ಚರ್ಚೆಯಿದೆ. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ)ಯವರು ಕೈ ಹಾಕಿದಾಗ ಒಳಗೆ ತೇವ ತಗುಲಿದ ಪ್ರಸಂಗ ಎಲ್ಲರಿಗೂ ಗೊತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಧಾನ್ಯ ನೆನೆದದ್ದಕ್ಕೆ ಅವನನ್ನು ಯಾರೂ ದೂರಲಿಲ್ಲ. ನೆನೆದದ್ದನ್ನು ಜನರು ನೋಡುವಂತೆ ಮೇಲೆ ಇಡಲಿಲ್ಲವೇಕೆ ಎಂಬುದೊಂದೇ ಆಕ್ಷೇಪ. ಇಮಾಮ್ ಗಝ್ಝಾಲಿ(ನಿಧನ 1111) ತಮ್ಮ 'ಇಹ್ಯಾ'ದಲ್ಲಿ ಸಂಪಾದನೆಯ ಶಿಷ್ಟಾಚಾರವನ್ನು ವಿವರಿಸುವಾಗ ಈ ಮಾತನ್ನು ಕಸುಬುದಾರರ ಕಡೆಗೆ ತಿರುಗಿಸುತ್ತಾರೆ. ಚಪ್ಪಲಿ ಹೊಲಿಯುವವನೊಬ್ಬ, ಈ ವ್ಯಾಪಾರದಲ್ಲಿ ಪಾಪದಿಂದ ಪಾರಾಗುವುದು ಹೇಗೆ ಎಂದು ಕೇಳಿದಾಗ ಅವನಿಗೆ ಸಿಕ್ಕಿದ ಉತ್ತರವನ್ನು ಅವರು ದಾಖಲಿಸುತ್ತಾರೆ. ಎರಡು ಮೈಯೂ ಸಮವಾಗಿರಲಿ, ಬಲಗಾಲಿನದ್ದು ಎಡಗಾಲಿನದ್ದಕ್ಕಿಂತ ಮೇಲಾಗದಿರಲಿ, ಒಳಗೆ ತುಂಬುವುದು ಒಳ್ಳೆಯದಿರಲಿ, ಹೊಲಿಗೆ ಒತ್ತಾಗಿರಲಿ ಎಂಬ ಧಾಟಿಯ ಉತ್ತರ. ಪಾಪಪುಣ್ಯದ ಪ್ರಶ್ನೆಗೆ ಹೊಲಿಗೆಯ ಭಾಷೆಯಲ್ಲಿ ಉತ್ತರ!

ಅದೇ ಜಾಗದಲ್ಲಿ ಇಮಾಮ್ ಅಹ್ಮದ್ ಬಿನ್ ಹಂಬಲ್(ನಿಧನ 855) ಅವರನ್ನು ಕೇಳಿದ ಇನ್ನೊಂದು ಪ್ರಶ್ನೆಯಿದೆ. ಹರಿದ ಬಟ್ಟೆಯನ್ನು ಹರಿದದ್ದೇ ತಿಳಿಯದ ಹಾಗೆ ಎಳೆಗೆ ಎಳೆ ಕೂಡಿಸಿ ಸರಿಪಡಿಸುವುದು ಸರಿಯೇ ಎಂದು. ಆ ಕೆಲಸಕ್ಕೆ ಅರಬಿಯಲ್ಲಿ 'ರಫ್ವ್' ಎಂಬ ಹೆಸರು. ನಮ್ಮ ಊರುಗಳ 'ರಫೂ' ಅದೇ ಪದ. ಮಾರುವವನು ಅದನ್ನು ಬಚ್ಚಿಡುವಂತಿಲ್ಲ ಎಂದರು ಇಮಾಮರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಟ್ಟೆಯ ಯಜಮಾನ ಅದನ್ನು ತೋರಿಸಿಯೇ ಮಾರುತ್ತಾನೆ ಅಥವಾ ಮಾರುವ ಉದ್ದೇಶವೇ ಅವನಿಗಿಲ್ಲ ಎಂದು ತಿಳಿದಿದ್ದರೆ ಮಾತ್ರ ರಫೂಗಾರನಿಗೆ ಅದು ಸರಿ ಎಂದರು. ಹೊಣೆ ಕೈ ದಾಟಿದರೂ ತೀರುವುದಿಲ್ಲ ಎಂದಾಯಿತು. ಕೌಲಿನ ಬಿಳಿ ಕುಣಿಕೆಯ ಮೇಲೆ ನೀಲಿ ಹೊಲಿಯುವುದು ಇದೇ ರಫೂ. ತನ್ನ ಕೊರಳಿಗೆ ಹಾಕಿಕೊಳ್ಳುವವರಿಗೆ ಅದರಲ್ಲಿ ಯಾವ ತಕರಾರೂ ಇಲ್ಲ. ಮಾರುವುದಾದರೆ, ಬಣ್ಣದ ತಿದ್ದುಪಡಿಯಿಂದ ಬಾಳಿಕೆ ಕುಂದದು ನಿಜ; ಆದರೂ ಹೇಳಲು ಖರ್ಚಾಗುವುದು ಒಂದು ವಾಕ್ಯ ಮಾತ್ರ. ಜಾರಿದ ಕುಣಿಕೆಯನ್ನು ಗಂಟು ಹಾಕಿ ನಿಲ್ಲಿಸಿದ್ದರೆ, ತುಂಡಾದ ಎಳೆಯನ್ನು ಸೇರಿಸಿದ್ದರೆ, ಹೇಳಲೇಬೇ‌ಕು.

ಇಷ್ಟಕ್ಕೆ ಪ್ರಶ್ನೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ತಪ್ಪು ಯಾವುದು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಬಿಟ್ಟು ಕೈಕೆಲಸದ ನೀತಿಯನ್ನು ಮಾತನಾಡುವಂತಿಲ್ಲ. ಬಿಡುವಿನಲ್ಲಿ ಹೆಣೆಯುವವರಿಗೆ ತಪ್ಪೆಂಬುದು ಮನಸ್ಸಿನ ಕಿರಿಕಿರಿ. ಹೊಟ್ಟೆಗಾಗಿ ಹೆಣೆಯುವವರಿಗೆ ಅದು ಬೇರೆಯೇ. ಶೆಟ್ಲೆಂಡಿನ ಹೆಂಗಸರು ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುವಾಗಲೂ ಕೈಯಲ್ಲಿ ಹೆಣೆಯುತ್ತಿದ್ದರು. ಅವರ ಶಾಲು, ಕಾಲುಚೀಲಗಳಿಗೆ ವರ್ತಕರು ದುಡ್ಡು ಕೊಡದೆ ಚಹಾಪುಡಿ, ಬಟ್ಟೆಯಂತಹ ಸಾಮಾನು ಕೊಡುತ್ತಿದ್ದರು. ಬ್ರಿಟಿಷ್ ಸರಕಾರದ ಆಯೋಗ ಈ ಪದ್ಧತಿಯ ವಿಚಾರಣೆ ನಡೆಸಿ, ಶೆಟ್ಲೆಂಡಿನ ವರದಿ 1872ರಲ್ಲಿ ಹೊರಬಂತು. ಹೆಂಗಸರ ಸಾಕ್ಷ್ಯಗಳು ಅದರಲ್ಲಿವೆ. ಹಿಟ್ಟು ಬೇಕಾದವಳಿಗೆ ಚಹಾಪುಡಿ ಸಿಕ್ಕರೆ, ಅದನ್ನು ಕೊಟ್ಟು ಹಿಟ್ಟು ಮಾಡಿಕೊಳ್ಳುವ ಪಾಡೂ ಅವಳದೇ. ಒಂದೊಂದು ಕುಣಿಕೆಯನ್ನೂ ಪರೀಕ್ಷಿಸುವ ವರ್ತಕನ ಲೆಕ್ಕದ ಪುಸ್ತಕವನ್ನು ಅವಳು ತಿರುಗಿಸಿ ನೋಡುವಂತಿದ್ದಿತೇ?

ಇದು ದೂರದ ದ್ವೀಪದ ಕಥೆ ಎಂದುಕೊಳ್ಳುವವರು ದಕ್ಷಿಣ ಕನ್ನಡದ ಮನೆಗಳ ಬೀಡಿ ಕಟ್ಟುವ ಹೆಂಗಸರನ್ನು ನೆನೆಯಬೇಕು. ಅವರಲ್ಲಿ ನಮ್ಮ ಸಮುದಾಯದವರೂ ಸಾಕಷ್ಟಿದ್ದಾರೆ. ಎಲೆ, ತಂಬಾಕು ಅಳೆದು ಕೊಡುತ್ತಾರೆ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಸರಿಯಿಲ್ಲವೆಂದು ಆರಿಸಿ ತೆಗೆದ ಬೀಡಿಗೆ ಕೂಲಿಯಿಲ್ಲ ಎಂಬುದು ಬಹಳ ಹಳೆಯ ದೂರು. ಕೊಟ್ಟ ಎಲೆಯೇ ಹರಿದದ್ದಾಗಿದ್ದರೆ ಆ ತಪ್ಪು ಯಾರದು? ಕಟ್ಟಿದವಳ ಲೆಕ್ಕಕ್ಕೇ ಬರುತ್ತದೆ. ಕೆಳಗಿನ ಕೈಯಿಂದ ಇಹ್ಸಾನನ್ನು ಕೇಳುವವರು ಮೇಲಿನ ಕೈಯ ಒಳಮೈಯನ್ನೂ ತಿರುಗಿಸಿ ನೋಡಬೇಡವೇ? ಜುಮಾ ಪ್ರವಚನಗಳಲ್ಲಿ ಕೆಲಸಗಾರರ ಪ್ರಾಮಾಣಿಕತೆಯ ಬಗ್ಗೆ ಕೇಳಿದಷ್ಟು ಸಲ ನಾವು ಕೆಲಸ ಕೊಡುವವರ ತಕ್ಕಡಿಯ ಬಗ್ಗೆ ಕೇಳಿಲ್ಲ.

ಕೌಲುಗಳಲ್ಲಿ ಹೆಚ್ಚಿನವು ಮಾರಾಟಕ್ಕೆ ಹೋಗುವುದಿಲ್ಲ, ಉಡುಗೊರೆಯಾಗಿ ಹೋಗುತ್ತವೆ. ಇಮಾಮರ ಉತ್ತರ ಇರುವುದು ಮಾರಾಟದ ಬಗ್ಗೆ. ಉಡುಗೊರೆಗೆ ಅದನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಮೊದಲ ಕೌಲನ್ನು ತಂಗಿಗೋ ಸೊಸೆಗೋ ಕೊಡುವವರನ್ನು ಗಮನಿಸಿ ನೋಡಿ. ಪೊಟ್ಟಣ ಬಿಚ್ಚುವ ಮೊದಲೇ, 'ಇಲ್ಲೊಂದು ಕಡೆ ಬಣ್ಣ ತಪ್ಪಿದೆ ನೋಡು' ಎಂದು ಬೆರಳಿಟ್ಟು ತೋರಿಸುತ್ತಾರೆ. ಇದು ಧಾನ್ಯದ ರಾಶಿಯ ತೇವವನ್ನು ಮೇಲಿಡುವ ಪ್ರಾಮಾಣಿಕತೆಯೇ ಅಥವಾ 'ಎಲ್ಲಿದೆ ಅಕ್ಕಾ, ಏನೂ ಕಾಣುವುದಿಲ್ಲವಲ್ಲ' ಎಂಬ ಮಾತನ್ನು ಹೊರಡಿಸುವ ಉಪಾಯವೇ? ಎರಡೂ ಇರಬಹುದು. ರಿಯಾ ಎಂಬುದು ಒಳ್ಳೆಯ ಕೆಲಸವನ್ನು ತೋರಿಸಿಕೊಳ್ಳುವುದರಲ್ಲಿ ಮಾತ್ರ ಇರುತ್ತದೆಂದು ತಿಳಿಯಬೇಕಿಲ್ಲ, ತಪ್ಪನ್ನು ತೋರಿಸಿಕೊಳ್ಳುವುದರಲ್ಲೂ ಅದು ಬಂದು ಕೂರುತ್ತದೆ. ಪಡೆದವರು ಆಮೇಲೆ ಕನ್ನಡಿಯ ಮುಂದೆ ನಿಂತಾಗಲೆಲ್ಲ ಹೂವನ್ನು ಬಿಟ್ಟು ಆ ಒಂದು ಕುಣಿಕೆಯನ್ನೇ ಹುಡುಕುತ್ತಾರೆ. ಅವರಿಗೆ ಹೇಳಬೇಕಾದದ್ದು ಬೇರೆ ಇದೆ. ಒಳಗೆ ಎಳೆಗಳಿವೆ, ಓಲೆ ಸಿಕ್ಕಿಕೊಳ್ಳಬಹುದು, ನಿಧಾನವಾಗಿ ಇಳಿಸಿಕೋ. ಬಿಸಿನೀರಿಗೆ ಹಾಕಬೇಡ, ಹಿಂಡಬೇಡ, ಟವೆಲಿನ ಮೇಲೆ ಹರಡಿ ಒಣಗಿಸು. ಬಿಳಿ ಕುಣಿಕೆಯ ವಿಷಯ ಅವರು ಕೇಳಿದರೆ ಹೇಳಿದರಾಯಿತು.